ಪಟ್ಟದ ಗೊಂಬೆಗಳ ಹಿಂದಿನ ಹಿಮ

ಹಳೆಯ ಕ್ರಿಸ್‌ಮಸ್ ಕಾರ್ಡುಗಳನ್ನೂ, ಹಿಂದೆ ಬೇಕಿಂಗ್ ಪೌಡರ್ ಮತ್ತು ಜೆಲ್ಲಿ ಡಬ್ಬಗಳ ಜೊತೆ ಬರುತ್ತಿದ್ದ ರೆಸಿಪಿ ಚೀಟಿಗಳನ್ನೂ ಕೂಡಿಡುವವರ ಒಂದು ವಾಟ್ಸ್ಯಾಪ್ ಗುಂಪಿನಲ್ಲಿ ನಾನಿದ್ದೇನೆ. ನನ್ನ ಹತ್ತಿರ ಇರುವುದನ್ನು ನಾನು ಹಂಚಿಕೊಳ್ಳುತ್ತೇನೆ, ಉಳಿದವರು ಅವರದನ್ನು ತೋರಿಸುತ್ತಾರೆ. ಕಳೆದ ಚಳಿಗಾಲದಲ್ಲಿ ಫರೀದಾಬಾದಿನ ಒಬ್ಬ ಹೆಂಗಸು ತಮ್ಮ ಅತ್ತೆಯ ಪೆಟ್ಟಿಗೆಯಲ್ಲಿ ಸಿಕ್ಕ ಕಾರ್ಡುಗಳ ಫೋಟೊ ಹಾಕಿ, ಒಳಗೆ ಏನೂ ಬರೆದಿಲ್ಲ, ಹೊಚ್ಚ ಹೊಸದರ ಹಾಗಿವೆ ಎಂದು ತಿಳಿಸಿದರು. ಎಲ್ಲರೂ ಚಪ್ಪಾಳೆಯ ಚಿತ್ರ ಕಳಿಸಿದರು. ಒಳಗೆ ಬರೆದಿರುವವು ಇದ್ದರೆ ನನಗೆ ಬೇಕು ಎಂದು ನಾನು ಕೇಳಿದೆ.

"ಅರೆ ದೀದೀ, ಗೀಚಿದ್ದು ಯಾರಿಗೆ ಬೇಕು? ಅವನ್ನೆಲ್ಲ ನಿನ್ನೆಯೇ ರದ್ದಿಯವನಿಗೆ ಕೊಟ್ಟುಬಿಟ್ಟೆ."

ಫೋನನ್ನು ಮೇಜಿನ ಮೇಲೆ ಕವುಚಿಟ್ಟು ಬಾಲ್ಕನಿಗೆ ಹೋದೆ. ದೆಹಲಿಯ ದ್ವಾರಕಾದಲ್ಲಿರುವ ನಮ್ಮ ಫ್ಲಾಟುಗಳ ಸೊಸೈಟಿಯ ಗೇಟಿನಲ್ಲಿ ಗಾರ್ಡು ಯಾರದೋ ಕಾರನ್ನು ಹಿಂದಕ್ಕೆ ತೆಗೆಸುತ್ತಿದ್ದ. ಅದನ್ನು ಬಹಳ ಹೊತ್ತು ನೋಡುತ್ತ ನಿಂತೆ. ಆ ಹೆಂಗಸಿಗೆ ಇವತ್ತಿಗೂ ಉತ್ತರ ಕೊಟ್ಟಿಲ್ಲ. ಕೊಡುವುದಾದರೆ ಲೋಧಿ ಕಾಲೋನಿಯ ನಮ್ಮ ಹಳೆಯ ಸರ್ಕಾರಿ ಕ್ವಾರ್ಟರಿನಿಂದ ಶುರುಮಾಡಬೇಕು.

ಅದು ಮೊದಲ ಮಹಡಿಯ ಮನೆ. ಎರಡು ಕೋಣೆ, ಎತ್ತರದ ಸೂರು, ಬೇಸಿಗೆಯಲ್ಲಿ ಕೂಲರಿನ ತೇವಕ್ಕೆ ಉಬ್ಬಿ ಮುಚ್ಚಲಾಗದ ಒಂದು ಕಿಟಕಿ. ಅಡುಗೆಮನೆ ಎಷ್ಟು ಕಿರಿದೆಂದರೆ ಅಮ್ಮ ಒಲೆಯ ಮುಂದೆ ನಿಂತರೆ ನೀರು ಕುಡಿಯಲು ಬಂದವರು ಬಾಗಿಲಲ್ಲೇ ಕಾಯಬೇಕು. ಅಪ್ಪ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತರು. ಮುಂದಿನ ಕೋಣೆಯಲ್ಲಿ ಅವರ ಮಂಚ, ಅದರಡಿ ಟ್ರಂಕುಗಳು. ವರ್ಷಕ್ಕೊಮ್ಮೆ, ನವರಾತ್ರಿಗೆ, ಮಂಚ ಹೊರಗಿನ ವರಾಂಡಕ್ಕೆ ಹೋಗುತ್ತಿತ್ತು. ಟ್ರಂಕುಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಅಪ್ಪನ ಬಿಳಿ ಪಂಚೆ ಹಾಸಿ, ಅಮ್ಮ ಗೊಂಬೆ ಕೂರಿಸುತ್ತಿದ್ದಳು. ಮೈಸೂರಿನ ಅವಳ ತವರಿನಲ್ಲಿ ಗೊಂಬೆಗಳಿಗೆ ಒಂದು ಹಜಾರವೇ ಬೇಕಾಗುತ್ತಿತ್ತಂತೆ. ದೆಹಲಿಗೆ ಅವಳ ಜೊತೆ ಬಂದದ್ದು ಮರದ ಪಟ್ಟದ ಗೊಂಬೆಗಳ ಜೋಡಿ, ಒಂದು ಮಣ್ಣಿನ ಶೆಟ್ಟರ ಅಂಗಡಿ, ತೊಟ್ಟಿಲ ಕೃಷ್ಣ. ಉಳಿದವು ರೈಲಿನಲ್ಲಿ ಒಡೆದಾವು ಎಂದು ಅವಳ ತಾಯಿ ಕಳಿಸಿರಲಿಲ್ಲ. ಮೊದಲ ವರ್ಷಗಳಲ್ಲಿ ಬಿಳಿ ಪಂಚೆಯ ಮೇಲೆ ರಾಜರಾಣಿಯರು ಯಾರೂ ಬಾರದ ದರ್ಬಾರಿನಲ್ಲಿ ನಿಂತವರಂತೆ ಕಾಣುತ್ತಿದ್ದರು ಎಂದು ಅಪ್ಪ ನಗುತ್ತಿದ್ದರು. ಅಮ್ಮ ನಗುತ್ತಿರಲಿಲ್ಲ.

ಆ ಖಾಲಿಯನ್ನು ತುಂಬಿಕೊಟ್ಟವರು ಕೆಳಗಿನ ಮನೆಯ ಸುಗುಣಾ ಆಂಟಿ. ಅವರು ಧಾರವಾಡದ ಕಡೆಯ ಕ್ರೈಸ್ತರು. ಅವರ ಗಂಡ ಪ್ರೇಮಾನಂದ ಅಂಕಲ್ ಭೂಮಿ ಅಳೆಯುವ ಇಲಾಖೆಯಲ್ಲಿದ್ದರು. ಮಳೆ ನಿಂತ ಮೇಲೆ ಬೆಟ್ಟದ ಕ್ಯಾಂಪಿಗೆ ಹೋದರೆ ಬೇಸಿಗೆಯ ಬಿಸಿಲು ಏರಿದ ಮೇಲೆಯೇ ತಿರುಗಿ ಬರುವುದು, ಹಾಗಾಗಿ ಯಾವ ಕ್ರಿಸ್‌ಮಸ್ಸಿಗೂ ಅವರು ಮನೆಯಲ್ಲಿರುತ್ತಿರಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಒಂದು ಜನವರಿಯ ಮಧ್ಯಾಹ್ನ ಆಂಟಿ ಒಂದು ರಾಶಿ ಕಾರ್ಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೆಟ್ಟಿಲು ಹತ್ತಿ ಬಂದರು.

"ತಗೋರಿ ಶಾರದಾಬಾಯಿ. ನಮ್ಮ ಹಬ್ಬ ಮುಗೀತು. ನಿಮ್ಮ ಮಗಳು ಆಡ್ಲಿ."

"ಇಷ್ಟು ಚೆನ್ನಾಗಿರೋದನ್ನ ಕೊಟ್ಟುಬಿಡ್ತೀರಲ್ರೀ?"

"ಇಟ್ಕೊಂಡು ಏನ್ ಮಾಡ್ಲಿ? ಬರೂ ವರ್ಷ ಮತ್ತ ಹೊಸಾವು ಬರ್ತಾವಲ್ಲ."

ಅಮ್ಮ ಅವನ್ನು ನನಗೆ ಆಡಲು ಕೊಡಲಿಲ್ಲ. ಆ ವರ್ಷದ ದಸರಾಕ್ಕೆ ಪಟ್ಟದ ಗೊಂಬೆಗಳ ಹಿಂದೆ ಹಿಮದ ಬೆಟ್ಟಗಳು ಎದ್ದವು. ಕೆಳಗಿನ ಮೆಟ್ಟಿಲಲ್ಲಿ ಜಿಂಕೆಗಳು, ಗಂಟೆಗಳು, ದೀಪ ಹಚ್ಚಿದ ಕಿಟಕಿಗಳ ಒಂದು ಊರು. ತೊಟ್ಟಿಲ ಕೃಷ್ಣನ ಪಕ್ಕದಲ್ಲಿ ಹುಲ್ಲಿನ ಮೇಲೆ ಮಲಗಿದ ಇನ್ನೊಂದು ಕೂಸು. ಅಪ್ಪ ಕಚೇರಿಯಿಂದ ಬಂದವರು ಚಪ್ಪಲಿ ಬಿಡುವುದನ್ನೂ ಮರೆತು ನಿಂತರು.

"ದಸರಾಗೆ ಹಿಮ ಬೀಳಿಸಿದ್ದೀಯಲ್ಲೇ. ಚಾಮುಂಡಿಗೆ ಶೀತ ಆಗತ್ತೆ."

"ದೆಹಲಿಗೆ ಬಂದಿದ್ದಾಳಲ್ಲ, ಅಭ್ಯಾಸ ಆಗ್ಲಿ ಬಿಡಿ. ನನಗಾಗಿಲ್ವೆ?"

ಅರಿಶಿನ ಕುಂಕುಮಕ್ಕೆ ಬಂದ ಕನ್ನಡದ ಹೆಂಗಸರಲ್ಲಿ ಒಬ್ಬರು ಬಾಗಿ ನೋಡಿ, ಇದೇನ್ರೀ ಯೇಸುಸ್ವಾಮಿಯನ್ನ ಇಲ್ಲಿ ಕೂರಿಸಿದ್ದೀರಿ ಎಂದರು. "ಕೂಸು ರೀ ಅದು," ಎಂದಳು ಅಮ್ಮ. "ಇನ್ನೂ ಕಣ್ಣು ಬಿಟ್ಟಿಲ್ಲ, ಅದಕ್ಕೆ ಯಾವ ಜಾತಿ?" ಆ ಹೆಂಗಸು ಮರುವರ್ಷ ತಮ್ಮ ಮಕ್ಕಳನ್ನೂ ಕರೆತಂದರು. ಹಿಮದ ದಸರಾ ಎಂದು ನಮ್ಮ ಮನೆಗೆ ಹೆಸರೇ ಬಿತ್ತು. ಆರ್.ಕೆ. ಪುರಂನಿಂದಲೂ ಜನ ಬಸ್ಸು ಹತ್ತಿ ಬರುತ್ತಿದ್ದರು.

ಕಾರ್ಡುಗಳನ್ನು ಸಿದ್ಧಮಾಡಲು ಅಮ್ಮನದೇ ಒಂದು ಕ್ರಮವಿತ್ತು. ಅದನ್ನು ನಾನು ಅವಳ ಪಕ್ಕದಲ್ಲಿ ಕುಳಿತು ನೋಡಿದವಳು. ಭಾದ್ರಪದ ಕಳೆದ ಮೇಲೆ ಒಂದು ಮಧ್ಯಾಹ್ನ ಚಾಪೆ ಹಾಸಿ, ಅಪ್ಪನ ಹಳೆಯ ಬ್ಲೇಡಿನಿಂದ ಪ್ರತಿ ಕಾರ್ಡನ್ನೂ ಮಡಿಕೆಯ ಗುಂಟ ಸೀಳುತ್ತಿದ್ದಳು. ಚಿತ್ರವಿದ್ದ ಭಾಗದ ಹಿಂಬದಿಗೆ ಮೈದಾ ಹಿಟ್ಟಿನ ಗೋಂದು ಬಳಿದು, ಅಂಗಿಯ ಡಬ್ಬದ ರಟ್ಟಿಗೆ ಅಂಟಿಸಿ, ನಿಲ್ಲುವಂತೆ ಒಂದು ಕಾಲು ಕೊಡುತ್ತಿದ್ದಳು. ಸೀಳಿದ ಇನ್ನೊಂದು ಭಾಗದಲ್ಲಿ ಏನೂ ಬರೆದಿಲ್ಲದಿದ್ದರೆ ಅದು ರೆಸಿಪಿಗೆ. ಬರೆದಿದ್ದರೆ ಅದನ್ನು ಕವುಚಿ ಬೇರೆ ಇಡುವುದು. ಕವುಚಿ ಎಂಬುದನ್ನು ಒತ್ತಿ ಹೇಳುತ್ತೇನೆ. ಕಾರ್ಡು ಬಿಚ್ಚಿದ ಕೂಡಲೇ ಅವಳ ಅಂಗೈ ಬರಹದ ಮೇಲೆ ಬಂದು ಕೂರುತ್ತಿತ್ತು. ಬೇರೆಯವರ ಕಾಗದ ಓದಬಾರದು ಎಂಬುದು ನಮ್ಮ ಮನೆಯಲ್ಲಿ, ಊಟದ ನಡುವೆ ಏಳಬಾರದು ಎಂಬಷ್ಟೇ ಗಟ್ಟಿಯಾದ ಮಾತು. ನಾನು ಕತ್ತು ಚಾಚಿದರೆ ಅವಳು ಕಣ್ಣೆತ್ತುತ್ತಿದ್ದಳು, ಅಷ್ಟೇ ಸಾಕಾಗುತ್ತಿತ್ತು.

ಹಾಗೆ ಕವುಚಿಟ್ಟ ಭಾಗಗಳನ್ನು ಅವಳು ಕಸಕ್ಕೆ ಹಾಕುತ್ತಿರಲಿಲ್ಲ. ಅಕ್ಷರ ಎಂದರೆ ಸರಸ್ವತಿ, ಕಾಲಿಗೆ ಸಿಗಬಾರದು. ಅದರ ಮೇಲೆ, ಯಾರದೇ ಆಗಲಿ, ಹಬ್ಬದ ಹಾರೈಕೆ. ರದ್ದಿ ಕೊಳ್ಳುವ ಕಬಾಡಿಯವನು ಒಮ್ಮೆ ಅವನ್ನು ಕೇಳಿದಾಗ ನಡೆದದ್ದು ನನಗೆ ನೆನಪಿದೆ.

"ಯೇ ನಹೀ ದೇಗಾ ಭಯ್ಯಾ. ಇಸ್‌ಮೇ ಭಗವಾನ್ ಹೈ." ಇದರಲ್ಲಿ ದೇವರಿದ್ದಾನೆ, ಕೊಡುವುದಿಲ್ಲ ಎಂದು ಅಮ್ಮ ತನ್ನ ಹಿಂದಿಯಲ್ಲಿ ಹೇಳಿದಳು.

"ದೇಗಾ ನಹೀ ಅಮ್ಮ, ದೂಂಗೀ," ಎಂದು ತಿದ್ದಿದೆ ನಾನು.

"ಅವನಿಗೆ ಅರ್ಥ ಆಯ್ತಲ್ಲ, ನೀನು ಸುಮ್ನಿರು."

ವಿಜಯದಶಮಿಯ ಮರುದಿನ ಬಾಡಿದ ಹೂವು, ಕಲಶದ ಎಲೆಗಳ ಜೊತೆ ಆ ಬರಹಗಳನ್ನೂ ಕಟ್ಟಿಕೊಂಡು ನಾವಿಬ್ಬರೂ ಬಸ್ಸಿನಲ್ಲಿ ಯಮುನೆಯ ಸೇತುವೆಗೆ ಹೋಗುತ್ತಿದ್ದೆವು. ಅಮ್ಮ ಕಂಬಿಯ ಸಂದಿಯಿಂದ ಗಂಟನ್ನು ಬಿಚ್ಚಿ ಬಿಡುತ್ತಿದ್ದಳು. ಹೂವು ನೇರ ಕೆಳಗೆ ಬೀಳುತ್ತಿತ್ತು. ಕಾಗದಗಳು ಗಾಳಿಗೆ ತುಸು ಮೇಲೆದ್ದು, ಹೊರಳಿ, ಆಮೇಲೆ ನೀರು ಸೇರುತ್ತಿದ್ದವು. ಅವಳು ಕಣ್ಣಿಗೆ ಒತ್ತಿಕೊಂಡ ಕೈಯನ್ನು ನನ್ನ ಕಣ್ಣಿಗೂ ಒತ್ತುತ್ತಿದ್ದಳು. ವರ್ಷ ವರ್ಷವೂ ಇದು ನಡೆಯಿತು. ಇದರಲ್ಲಿ ತಪ್ಪಿದೆ ಎಂದು ನಮಗೆ ತೋರಲಿಲ್ಲ. ಕೇಳಿದ್ದರೆ ಸುಗುಣಾ ಆಂಟಿಗೂ ತೋರುತ್ತಿರಲಿಲ್ಲ.

ರೆಸಿಪಿಗಳ ಕೆಲಸ ಚಳಿಗಾಲದ್ದು. ಹಿಂದಿನ ಅಂಗಳದಲ್ಲಿ ಬಿಸಿಲು ಬೀಳುವ ಒಂದು ಮೂಲೆಯಿತ್ತು. ಅಲ್ಲಿ ಮಂಚ ಎಳೆದುಕೊಂಡು ಆಂಟಿ ಡಬ್ಬಗಳ ಜೊತೆ ಬಂದ ಇಂಗ್ಲಿಷ್ ಚೀಟಿಗಳನ್ನು ಓದಿ ಹೇಳುವುದು, ಅಮ್ಮ ಖಾಲಿ ಕಾರ್ಡಿನ ಮೇಲೆ ಕನ್ನಡದಲ್ಲಿ ಬರೆದುಕೊಳ್ಳುವುದು. ನನ್ನ ಕೆಲಸ ಕಡಲೆಕಾಯಿ ಸುಲಿಯುವುದು.

"ಎರಡು ಮೊಟ್ಟಿ ಒಡದು…"

"ಮೊಟ್ಟೆ ದಾಟಿ ಮುಂದೆ ಹೋಗಿ ಸುಗುಣಾ."

"ಮೊಟ್ಟಿ ದಾಟಿದ್ರ ಕೇಕ್ ಮ್ಯಾಲ ಏಳಂಗಿಲ್ರೀ."

"ಏಳದಿದ್ರೆ ಮಲಗಿರಲಿ. ತಿನ್ನೋಕೆ ಏಳಬೇಕು ಅಂತ ಇದೆಯಾ?"

ಆಂಟಿ ನಗುತ್ತ ನಗುತ್ತ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಕೊನೆಗೆ ಮೊಸರು ಮತ್ತು ಸೋಡಾಪುಡಿಯ ಕೇಕು ಕುಕ್ಕರಿನಲ್ಲಿ ಮರಳು ಹಾಕಿ ಬೆಂದು ಬಂತು. ಅಪ್ಪ ಒಂದು ತುಂಡು ಬಾಯಿಗಿಟ್ಟು, ಇದು ಇಂಗ್ಲಿಷ್ ಕಲಿತ ಇಡ್ಲಿ ಎಂದರು. ಅಮ್ಮ ಸಿಟ್ಟಾಗಿ ಎರಡು ದಿನ ಅವರಿಗೆ ಇಡ್ಲಿಯನ್ನೇ ಬಡಿಸಿದಳು. ಆ ಬರೆದ ರೆಸಿಪಿಗಳು ದಸರಾದಲ್ಲಿ ತಾಂಬೂಲದ ಜೊತೆ ಒಬ್ಬೊಬ್ಬ ಹೆಂಗಸಿನ ಮನೆ ಸೇರುತ್ತಿದ್ದವು. ಬ್ಲೌಸ್ ಪೀಸಿಗಿಂತ ಅದನ್ನೇ ಕೇಳಿ ಪಡೆಯುವವರಿದ್ದರು.

ಆಂಟಿಗೆ ಬರುತ್ತಿದ್ದ ಕಾರ್ಡುಗಳಲ್ಲಿ ಅಂಕಲ್ ಕ್ಯಾಂಪಿನಿಂದ ಕಳಿಸುತ್ತಿದ್ದದ್ದು ಒಂದೇ ಕನ್ನಡದಲ್ಲಿ ಬರೆದದ್ದು. ಅವರು ಬರೆಯುವ ಮನುಷ್ಯರಲ್ಲ. ಊರಿಗೆ ಬಂದಾಗಲೂ ನನ್ನನ್ನು ಕಂಡರೆ "ಏನವಾ" ಎಂದು ಕೇಳಿ, ಉತ್ತರಕ್ಕೂ ಕಾಯದೆ ನಕ್ಕು ಹೋಗುವವರು. ಕ್ಯಾಂಪಿನಿಂದ ಕ್ಷೇಮಸಮಾಚಾರ ಅವರ ಕಚೇರಿಗೆ ಬರುತ್ತಿತ್ತು, ಅಲ್ಲಿಯ ಜವಾನ ಬಂದು ಹೇಳಿ ಹೋಗುತ್ತಿದ್ದ. ವರ್ಷಕ್ಕೊಮ್ಮೆ ಕಾರ್ಡು. ಆಂಟಿ ಅದನ್ನು ಓದಿ, ಕಿಟಕಿಯ ದಾರಕ್ಕೆ ಉಳಿದವುಗಳ ನಡುವೆ ನೇತುಹಾಕಿ, ಹಬ್ಬ ಮುಗಿದ ಮೇಲೆ ಎಲ್ಲವುಗಳ ಜೊತೆ ನಮಗೆ ಕೊಡುತ್ತಿದ್ದರು.

ಒಂದು ವರ್ಷ ಕಾರ್ಡು ಬರಲಿಲ್ಲ. ಕ್ರಿಸ್‌ಮಸ್ಸಿಗೆ ಇನ್ನೂ ಸಮಯವಿರುವಾಗಲೇ ಕಚೇರಿಯ ಜವಾನ ಒಬ್ಬನೇ ಬರದೆ ಇಬ್ಬರು ಅಧಿಕಾರಿಗಳ ಜೊತೆ ಬಂದ. ಜೀಪು ಕಣಿವೆಗೆ ಉರುಳಿತ್ತು. ಅಂಕಲ್ ದೇಹ ಸಿಕ್ಕಿತು, ಜೊತೆಗಿದ್ದ ಅವರ ಪೆಟ್ಟಿಗೆ ಸಿಗಲಿಲ್ಲ. ಮಣ್ಣಿಗೆ ಹೋದೆವು. ಧಾರವಾಡದಿಂದ ಬಂದ ನೆಂಟರು ಕೆಲವು ದಿನವಿದ್ದು ಹಿಂದಿರುಗಿದರು. ಕ್ವಾರ್ಟರು ಅಂಕಲ್ ಹೆಸರಿನದು, ಆಂಟಿ ಅದನ್ನು ಬಿಡಬೇಕಿತ್ತು. ಅವರು ಊರಿಗೆ ಹೊರಡಲು ಸಾಮಾನು ಕಟ್ಟತೊಡಗಿದರು. ಅಮ್ಮ ದಿನವೂ ಕೆಳಗೆ ಊಟ ಒಯ್ಯುತ್ತಿದ್ದಳು. ಆಂಟಿ ತಿನ್ನುತ್ತಿದ್ದರು, ಎಷ್ಟು ಹಾಕಿದರೆ ಅಷ್ಟು, ರುಚಿಯ ಮಾತಿಲ್ಲದೆ.

ಆಮೇಲೊಂದು ಮಧ್ಯಾಹ್ನ ಅವರೇ ಮೇಲೆ ಬಂದರು. ಅಮ್ಮ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಆಂಟಿ ಗೋಡೆಗೆ ಒರಗಿ ನೆಲದ ಮೇಲೆ ಕುಳಿತರು.

"ಶಾರದಾಬಾಯಿ, ನಮ್ಮವರು ಬರದ ಕಾರ್ಡ್ ನಿಮ್ಮ ಕಡೆ ಅದಾವಲ್ಲ. ಒಂದೀಟು ಕೊಡ್ರಿ. ನೋಡಿ ಮತ್ತ ಕೊಡ್ತೀನಿ."

ಅಮ್ಮನ ಕೈ ಮೊರದಲ್ಲೇ ನಿಂತಿತು. ಅವಳು ಎದ್ದು, ಟ್ರಂಕು ಎಳೆದು, ಚಿತ್ರಗಳನ್ನು ಒಂದೊಂದಾಗಿ ಆಂಟಿಯ ಮುಂದೆ ಹರಡಿದಳು. ಯಾಕೆ ಹಾಗೆ ಮಾಡಿದಳೋ, ಹೇಳುವುದನ್ನು ತುಸು ಹೊತ್ತು ಮುಂದಕ್ಕೆ ಹಾಕಲು ಇರಬಹುದು. ಆಂಟಿ ಒಂದನ್ನು ತಿರುಗಿಸಿ ನೋಡಿದರು. ಹಿಂದೆ ರಟ್ಟು. ಇನ್ನೊಂದನ್ನು ತಿರುಗಿಸಿದರು.

"ಬರದದ್ದು ಎಲ್ಲೈತ್ರಿ?"

"ಯಮುನೆಗೆ ಬಿಟ್ಟೆ, ಸುಗುಣಾ. ಪ್ರತಿ ವರ್ಷ. ಕಸಕ್ಕೆ ಹಾಕೋಕೆ ಮನಸ್ಸು ಬರ್ಲಿಲ್ಲ."

ಆಂಟಿ ತಲೆಯಾಡಿಸಿದರು.

"ಖರೆ ಐತಿ. ಕಸಕ್ಕ ಹಾಕಬಾರದು." ಚಿತ್ರಗಳನ್ನು ಒಟ್ಟುಮಾಡುತ್ತ ಅಂದರು, "ಅವರ ಸಹಿ ಐತ್ರಿ, ಬ್ಯಾಂಕಿನ್ಯಾಗ, ಆಫೀಸಿನ್ಯಾಗ. ಮಾತು ಇಲ್ಲ. ಏನ್ ಬರೀತಿದ್ರು ಅಂತ ನೆನಪು ಮಾಡ್ಕೋಳಾಕ ಹೋದ್ರ ಒಂದೂ ಬರವಲ್ದು. ಓದಿ ನಕ್ಕಿದ್ದು ಅಷ್ಟ ನೆನಪದ."

ಆಮೇಲೆ ಅವರು ನನ್ನ ಕಡೆ ತಿರುಗಿದರು. ಮುಖದಲ್ಲಿ ಒಂದು ಬೆಳಕು ಬಂದಿತ್ತು.

"ನೀ ಓದಿದ್ಯೇನವಾ? ಕದ್ದು ಓದಿರ್ತಿ. ಹುಡುಗ್ರು ಓದೇ ಓದ್ತಾರ. ನಾ ಬೈಯಂಗಿಲ್ಲ, ನಿಮ್ಮವ್ವನೂ ಬೈಯಂಗಿಲ್ಲ."

ಅಮ್ಮನೂ ನನ್ನನ್ನು ನೋಡುತ್ತಿದ್ದಳು. ಯಾವ ಕಣ್ಣು ಇಷ್ಟು ವರ್ಷ ನನ್ನ ಕತ್ತನ್ನು ಹಿಂದಕ್ಕೆ ಎಳೆದಿತ್ತೋ ಅದೇ ಕಣ್ಣು ಈಗ, ನಾನು ಅವಳ ಮಾತು ಮೀರಿರಲಿ ಎಂದು ಬೇಡುತ್ತಿತ್ತು.

"ನಹೀಂ ಆಂಟಿ," ಎಂದೆ. "ಓದ್ಲಿಲ್ಲ. ಸಚ್ಚೀ."

ಮರುದಿನದಿಂದ ಅಮ್ಮ ಹುಡುಕಲು ಹೊರಟಳು. ರೆಸಿಪಿ ಕೊಟ್ಟ ಹೆಂಗಸರ ಮನೆಗಳಿಗೆಲ್ಲ ಹೋಗಿ, ಆ ಕಾರ್ಡಿನ ತುಂಡು ಒಮ್ಮೆ ತೋರಿಸಿ ಎಂದು ಕೇಳಿದಳು. ಶಾಲೆ ಬಿಟ್ಟ ಮೇಲೆ ನಾನೂ ಜೊತೆಗೆ ಹೋಗುತ್ತಿದ್ದೆ. ಬೇಳೆ ಡಬ್ಬದಿಂದ, ಪಂಚಾಂಗದ ನಡುವಿನಿಂದ, ಕ್ಯಾಲೆಂಡರಿನ ಹಿಂದಿನಿಂದ ಅವು ಹೊರಬಂದವು, ಎಣ್ಣೆಯ ಕಲೆ, ಅರಿಶಿನದ ಬೆರಳಚ್ಚು. ಕೈತಪ್ಪಿ ಯಾವುದಾದರೂ ಒಂದರ ಬೆನ್ನಿನಲ್ಲಿ ಅಂಕಲ್ ಬರಹ ಉಳಿದಿರಬಹುದೆಂಬ ಆಸೆ. ಒಂದರಲ್ಲೂ ಇರಲಿಲ್ಲ. ಅಮ್ಮ ಅಷ್ಟು ಅಚ್ಚುಕಟ್ಟು. ಎಲ್ಲದರಲ್ಲೂ ಇದ್ದದ್ದು ಅವಳ ದುಂಡನೆಯ ಅಕ್ಷರವೇ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವಳು ಕಿಟಕಿಯ ಕಂಬಿಗೆ ಹಣೆ ಒತ್ತಿಕೊಂಡಿರುತ್ತಿದ್ದಳು.

ಒಂದು ಸಂಜೆ ಹಾಗೆ ಬರುವಾಗ ನನಗೆ ಹೊಳೆಯಿತು. ಜಿಂಕೆಗಳು ಗಾಡಿ ಎಳೆಯುವ ಕಾರ್ಡು. ಅಂಕಲ್ ಆ ವರ್ಷ ಮಾತ್ರ ಹೆಚ್ಚು ಬರೆದಿದ್ದರು, ಬಲಗಡೆ ಸಾಲದೆ ಎಡಗಡೆಗೂ, ಎಂದರೆ ಚಿತ್ರದ ಬೆನ್ನಿಗೂ ಬರಹ ಬಂದಿತ್ತು. ಚಿತ್ರವನ್ನೂ ನೀರಿಗೆ ಬಿಡಲು ಮನಸ್ಸಾಗದೆ ಅಮ್ಮ ಬರಹದ ಮೇಲೆಯೇ ಗಟ್ಟಿ ಗೋಂದನ್ನು ತೆಳ್ಳಗೆ ಸವರಿ ರಟ್ಟಿಗೆ ಅಂಟಿಸಿದ್ದಳು. ಒಳಗೆ ಭದ್ರವಾಗಿರತ್ತೆ ಬಿಡು ಎಂದು ಅಂದದ್ದೂ ನನಗೆ ಕೇಳಿಸಿದಂತಾಯಿತು.

"ಅಮ್ಮ, ವೋ ಹಿರನ್ ವಾಲಾ! ಅದರ ಹಿಂದೆ ಬರೆದಿತ್ತಲ್ಲ!"

ಅಮ್ಮ ಮುಂದಿನ ಸ್ಟಾಪಿನಲ್ಲೇ ಇಳಿಯಲು ಎದ್ದು ನಿಂತಳು, ನಮ್ಮ ಸ್ಟಾಪು ಇನ್ನೂ ದೂರವಿತ್ತು.

ಮನೆ ಮುಟ್ಟಿದೊಡನೆ ಆಂಟಿಯನ್ನು ಕರೆದೆ. ಅವರು ಒದ್ದೆ ಕೈಯಲ್ಲೇ ಮೆಟ್ಟಿಲು ಹತ್ತಿದರು. ಮೂವರೂ ಆ ಕಿರಿದಾದ ಅಡುಗೆಮನೆಯಲ್ಲಿ ಒತ್ತೊತ್ತಾಗಿ ನಿಂತೆವು. ಒಣಗಿದ ಮೈದಾ ಅಂಟು ಆವಿಗೆ ಬಿಡುತ್ತದೆಂದು ಅಮ್ಮನಿಗೆ ಗೊತ್ತಿತ್ತು, ಅಂಟಿಸಿದವಳು ಅವಳೇ. ಇಡ್ಲಿ ಪಾತ್ರೆಯಲ್ಲಿ ನೀರು ಕುದಿಯಲಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾರ್ಡಿನ ಒಂದು ಮೂಲೆಯನ್ನು ಆವಿಗೆ ಹಿಡಿದಳು. ದೋಸೆ ಮಗುಚುವ ಸಟ್ಟುಗದ ಅಂಚನ್ನು ರಟ್ಟಿನ ಸಂದಿಗೆ ತೂರಿಸಿದಳು. ಬಹಳ ನಿಧಾನವಾಗಿ ಮಾಡಿದಳು, ಅವಳು ಅವಸರ ಪಟ್ಟಳೆಂದು ಯಾರೂ ಹೇಳಲಾರರು. ಮೂಲೆ ಎದ್ದಿತು. ಮೇಲಿನ ಒಂದೂವರೆ ಸಾಲು ಕಾಣಿಸಿತು. ನೀಲಿ ಶಾಯಿ, ಬಲಕ್ಕೆ ಬಾಗಿದ ಅಕ್ಷರ. ಆಂಟಿ ಬಾಗಿ ಓದಿದರು.

"'ಸ್ವೆಟರ್ ತೋಳು ಉದ್ದ ಆಗ್ಯಾವ. ಮಡಚಿ ಹಾಕ್ಕೊಂಡೀನಿ. ಎಲ್ಲಾರೂ…'" ಅವರು ತಲೆಯೆತ್ತಿದರು. "ಅಳತಿ ತಗೊಂಡೇ ಹೆಣದಿದ್ನಲ್ರೀ! ಇವರ ತೋಳ ಸಣ್ಣಾವು." ಅಂಕಲ್ ಹೋದ ಮೇಲೆ ಮೊದಲ ಸಲ ಅವರು ನಕ್ಕರು. "ಎಲ್ಲಾರೂ ಏನು? ಮುಂದ ತಗೀರಿ, ಶಾರದಾಬಾಯಿ. ಎಲ್ಲಾರೂ ಏನಂದ್ರಂತ?"

ಅಮ್ಮ ಕಾರ್ಡನ್ನು ಮತ್ತೆ ಆವಿಗೆ ಹಿಡಿದಳು. ಶಾಯಿ ನೀರಿನದೆಂದು ಆ ಕ್ಷಣದವರೆಗೆ ಮೂವರಲ್ಲಿ ಒಬ್ಬರಿಗೂ ತೋಚಿರಲಿಲ್ಲ. ಮೊದಲು 'ಎಲ್ಲಾರೂ' ಹಿಗ್ಗಿತು. ಆಮೇಲೆ ಅದರ ಮುಂದಿನದು ಕಾಣಿಸಿಕೊಳ್ಳುತ್ತಲೇ ಒಂದು ನೀಲಿ ಪಟ್ಟಿಯಾಗಿ ಹರಿಯಿತು. ಅಮ್ಮ ಕಾರ್ಡನ್ನು ಹಿಂದಕ್ಕೆ ಸೆಳೆದು ಊದತೊಡಗಿದಳು, ಮೊರ ತಗೊಂಡು ಬಾ ಎಂದು ಕೂಗಿದಳು, ನಾನು ತಂದು ಬೀಸಿದೆ. ಆವಿ ಆಗಲೇ ರಟ್ಟಿನ ಒಳಗೆ ಹೋಗಿತ್ತು. ಇನ್ನೂ ಬಿಚ್ಚದ ಕಡೆಯೂ ನೆನೆಯುತ್ತಿತ್ತು. ಅದು ತಿಳಿದದ್ದು ಚಿತ್ರದಿಂದ. ಜಿಂಕೆಗಳ ಗೊರಸಿನ ಕೆಳಗಿನ ಹಿಮ ಒಂದೆಡೆ ನೀಲಿಯಾಯಿತು. ಹೊಸದೇನನ್ನೂ ನಾವು ಮಾಡುತ್ತಿರಲಿಲ್ಲ, ಆದರೂ ಅದು ಹರಡಿತು, ಗಾಡಿಯವರೆಗೆ, ಅಲ್ಲಿಂದ ಬೆಟ್ಟದವರೆಗೆ.

"ಬಿಡ್ರಿ ಶಾರದಾಬಾಯಿ. ಕೈ ಸುಟ್ಕೊಂಡೀರಿ," ಎಂದು ಆಂಟಿ ತಾವೇ ಒಲೆ ಆರಿಸಿದರು. ಅಮ್ಮನ ಬೆರಳುಗಳು ಕೆಂಪಾಗಿದ್ದವು. ಕಾರ್ಡನ್ನು ಅವಳ ಕೈಯಿಂದ ಬಿಡಿಸಿ ಕಟ್ಟೆಯ ಮೇಲೆ ಇಟ್ಟರು. ಯಾರೂ ಅದನ್ನು ಮುಟ್ಟಲಿಲ್ಲ.

ಆಂಟಿ ನನ್ನನ್ನು ಕೇಳಿದರು. ಶಾಲೆಗೆ ಹೋಗುವವಳು, ವಿಜ್ಞಾನ ಓದುವವಳು ಆ ಅಡುಗೆಮನೆಯಲ್ಲಿ ನಾನೊಬ್ಬಳೇ.

"ಆರಿದ ಮ್ಯಾಲ ಏನಾರ ಕಾಣ್ತದೇನವಾ?"

ನನಗೆ ಗೊತ್ತಿರಲಿಲ್ಲ. ಅಮ್ಮನೂ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಕಾಣತ್ತೆ ಆಂಟಿ," ಎಂದೆ.

ಅವರು ತಲೆಯಾಡಿಸಿ ಅಲ್ಲೇ ನೆಲದ ಮೇಲೆ ಕುಳಿತರು. ಅಮ್ಮನೂ ಅವರ ಪಕ್ಕದಲ್ಲಿ ಕುಳಿತಳು. ಅದು ಆರುವುದನ್ನು ಇಬ್ಬರೂ ಕಾದರು.